ಗೊರಕೆಯ ನಡುವಿನ ಮೌನ

ಗೊರಕೆಯೆಂದೊಡನೆ ನಮಗೆ ಕುಂಭಕರ್ಣನ ನೆನಪಾಗಿ ನಗೆ ಬರುತ್ತದೆ. ಗೊರಕೆ ಹೊಡೆಯುವವನು ಸುಖವಾಗಿ ನಿದ್ರಿಸುತ್ತಿದ್ದಾನೆಂಬ ನಂಬಿಕೆಯೂ ನಮ್ಮಲ್ಲುಂಟು. ಈ ನಂಬಿಕೆಯನ್ನು ಕೊಂಚ ಪರೀಕ್ಷಿಸಿ ನೋಡಬೇಕಾಗಿದೆ.

ಮೂಗಿನ ಹಾದಿಗೆ ಎಲುಬಿನ ಗೋಡೆಯುಂಟು. ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳುಂಟು. ಇವೆರಡರ ನಡುವಣ ಗಂಟಲಿಗೆ ಮಾತ್ರ ಅಂಥ ಗಟ್ಟಿ ಆಸರೆಯಿಲ್ಲ. ನುಂಗುವುದಕ್ಕೂ ನುಡಿಯುವುದಕ್ಕೂ ಅದು ಬಳುಕುವಂತಿರಲೇಬೇಕು. ಎಚ್ಚರದಲ್ಲಿ ಸ್ನಾಯುಗಳು ಅದನ್ನು ತೆರೆದಿಡುತ್ತವೆ. ನಿದ್ರೆಯಲ್ಲಿ ಅವು ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದಾಗ ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ಇಕ್ಕಟ್ಟಿನಲ್ಲಿ ನುಸುಳುವ ಗಾಳಿಗೆ ಮೃದುವಾದ ಅಂಗುಳೂ ಕಿರುನಾಲಿಗೆಯೂ ಅದುರುತ್ತವೆ. ಆ ಅದುರುವಿಕೆಯ ಸದ್ದೇ ಗೊರಕೆ.

ಕೊರಳಿನ ಸುತ್ತ ಕೊಬ್ಬು ಬೆಳೆದವರಲ್ಲಿ ಈ ಹಾದಿ ಮತ್ತಷ್ಟು ಕಿರಿದಾಗುತ್ತದೆ. ಆದರೆ ಕೆಳದವಡೆ ಗಿಡ್ಡವಾಗಿದ್ದರೆ, ಟಾನ್ಸಿಲ್‌ಗಳು ಊದಿದ್ದರೆ, ತೆಳುಮೈಯವರಿಗೂ ಮಕ್ಕಳಿಗೂ ಈ ತೊಂದರೆ ತಪ್ಪಿದ್ದಲ್ಲ.

ಹಾದಿ ಪೂರ್ತಿ ಮುಚ್ಚಿಕೊಂಡಾಗ ಗೊರಕೆ ಥಟ್ಟನೆ ನಿಲ್ಲುತ್ತದೆ. ಎದೆ ಹೊಟ್ಟೆಗಳು ಏದುತ್ತಿದ್ದರೂ ಗಾಳಿ ಒಳಗೆ ಹೋಗದು. ಉಸಿರು 10 ಸೆಕೆಂಡುಗಳಾದರೂ ಹೀಗೆ ನಿಂತರೆ ವೈದ್ಯರು ಅದನ್ನು ‘ಆಪ್ನಿಯ’ ಎನ್ನುತ್ತಾರೆ. ರಕ್ತದ ಆಮ್ಲಜನಕ ಇಳಿದು, ಮಿದುಳು ಮಲಗಿದವನನ್ನು ಅರೆಕ್ಷಣ ಎಬ್ಬಿಸುತ್ತದೆ. ದೊಡ್ಡದೊಂದು ಉಸಿರಿನೊಡನೆ ಗೊರಕೆ ಮರಳುತ್ತದೆ. ರೋಗ ಬಲಿತವರಲ್ಲಿ ಗಂಟೆಗೆ 30 ಸಲಕ್ಕೂ ಮಿಗಿಲಾಗಿ ಉಸಿರು ನಿಲ್ಲುವುದು ಅಥವಾ ಕುಗ್ಗುವುದುಂಟು. ಬೆಳಿಗ್ಗೆ ಅವರಿಗೆ ಇದಾವುದೂ ನೆನಪಿರುವುದಿಲ್ಲ; ಉಳಿಯುವುದು ತಲೆನೋವು, ಹಗಲಿನ ತೂಕಡಿಕೆ. ರಕ್ತದ ಒತ್ತಡವೂ ಏರಬಹುದು. ವಾಹನ ನಡೆಸುವವರಿಗೆ ಆ ತೂಕಡಿಕೆಯೇ ಪ್ರಾಣಕ್ಕೆ ಎರವಾಗಬಹುದು.

ಸಾಹಿತ್ಯ ಇದನ್ನು ವೈದ್ಯಶಾಸ್ತ್ರಕ್ಕಿಂತ ಮೊದಲೇ ಕಂಡಿತ್ತು. 1836–37ರಲ್ಲಿ ಪ್ರಕಟವಾದ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಡಿಕನ್ಸ್ ಚಿತ್ರಿಸಿದ ಜೋ ಎಂಬ ಸ್ಥೂಲಕಾಯದ ಹುಡುಗ ನಿಂತಲ್ಲೇ ನಿದ್ದೆಹೋಗುತ್ತಾನೆ. ಅಂಥ ರೋಗಿಯೊಬ್ಬನನ್ನು ಕಂಡ ಅಮೆರಿಕದ ವೈದ್ಯರು 1956ರಲ್ಲಿ ಆ ಸ್ಥಿತಿಗೆ ಕಾದಂಬರಿಯ ಹೆಸರನ್ನೇ ಇಟ್ಟರು. ಇಂಥವರ ಉಸಿರು ನಿದ್ರೆಯಲ್ಲಿ ಮತ್ತೆ ಮತ್ತೆ ನಿಲ್ಲುವುದನ್ನು ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು 1965ರಲ್ಲಿ ದಾಖಲಿಸಿದರು. 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು, ಮೂಗಿನ ಮೂಲಕ ಒತ್ತಡದ ಗಾಳಿ ಹಾಯಿಸಿ ಗಂಟಲನ್ನು ತೆರೆದಿಡುವ ಉಪಾಯವನ್ನು ಪ್ರಕಟಿಸಿದರು. ಇಂದಿಗೂ ಅದೇ ಮುಖ್ಯ ಚಿಕಿತ್ಸೆ.

ಎಲ್ಲ ಗೊರಕೆಯೂ ರೋಗವಲ್ಲ. ಆದರೆ ಇದು ಮಲಗಿದವನಿಗೆ ತಾನಾಗಿ ತಿಳಿಯದ ರೋಗ. ಸಾಕ್ಷಿಯಾಗಬಲ್ಲವರು ಪಕ್ಕದಲ್ಲಿ ನಿದ್ದೆಗೆಟ್ಟು ಮಲಗಿರುವವರು. ಗೊರಕೆ ನಡುನಡುವೆ ನಿಂತು, ಉಸಿರು ಕಟ್ಟಿದಂತಾಗಿ ಮತ್ತೆ ಮೊದಲಾಗುವುದನ್ನು ಕಂಡವರು ಗೊಣಗಿ ಸುಮ್ಮನಾಗದೆ, ಕಂಡದ್ದನ್ನು ವೈದ್ಯರಿಗೆ ಹೇಳಬೇಕು.