ತಂಪು ಎಲ್ಲಿ ಹೋಯಿತು?



35 ವರ್ಷ ಹಳಗನ್ನಡ ಪಾಠ ಹೇಳಿದವನು ಕಾರಿನ ಎ.ಸಿ.ಯನ್ನು ಕುರಿತು ಮಾತನಾಡಹೊರಟರೆ ನಿಮಗೆ ನಗು ಬಂದೀತು. ಯಂತ್ರಶಾಸ್ತ್ರ ನನ್ನದಲ್ಲ. ಆದರೆ ಅವಸರದಿಂದ ನಾನು ಪಟ್ಟ ಪಾಡು ನನ್ನದೇ. ಅದನ್ನು ಹೇಳಲು ನನಗೆ ಅಧಿಕಾರವುಂಟು.

ನಮ್ಮದು ಕಲಬುರಗಿ. ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ಅಂಥ ದಿನಗಳಲ್ಲಿಯೇ ನಮ್ಮ ಕಾರಿನ ಎ.ಸಿ. ಬಿಸಿಗಾಳಿ ಊದತೊಡಗಿತು. ಗ್ಯಾರೇಜಿನವರು ‘ಗ್ಯಾಸ್ ಕಡಿಮೆಯಾಗಿದೆ’ ಎಂದು ತುಂಬಿಕೊಟ್ಟರು. ಆ ತಂಪು ಒಂದು ತಿಂಗಳು ಬಾಳಿತು. ಎರಡನೆಯ ಸಲ ತುಂಬಿಸಿದ್ದು ಹತ್ತು ದಿನ. ಮೂರನೆಯ ಸಲ ತುಂಬಿಸಿಕೊಂಡು, ಹೃದಯರೋಗಿಯಾದ ನನ್ನ ಅಕ್ಕನನ್ನು ಹೈದರಾಬಾದಿನ ವೈದ್ಯರ ಬಳಿಗೆ ಕರೆದೊಯ್ಯುತ್ತಿದ್ದೆ. ಹುಮನಾಬಾದ್ ದಾಟುವಷ್ಟರಲ್ಲಿ ತಂಪು ನಿಂತಿತು. “ತಮ್ಮಾ, ಗಾಡಿ ನಿಂದ್ರಸು, ಉಸಿರು ಕಟ್ಟಲಿಕತ್ತದ” ಎಂದಳು ಅಕ್ಕ. ಬೇವಿನ ಮರದಡಿ ಅವಳ ಹಣೆಗೆ ಒದ್ದೆ ಬಟ್ಟೆಯಿಟ್ಟು ಸೂರ್ಯ ಇಳಿಯುವವರೆಗೆ ಕಾದೆವು. ಆ ನಾಲ್ಕು ಗಂಟೆಗಳನ್ನು ನಾನು ಮರೆಯಲಾರೆ.

ಊರಿಗೆ ಮರಳಿದ ಮೇಲೆ ಹಳೆಯ ಶಿಷ್ಯನೊಬ್ಬ ವಯಸ್ಸಾದ ಮೇಸ್ತ್ರಿಯೊಬ್ಬರಲ್ಲಿಗೆ ಕರೆದೊಯ್ದ. ನಾನು ಮತ್ತೆ ಗ್ಯಾಸಿನ ಮಾತೆತ್ತಿದೆ. ಅವರು ನಕ್ಕರು: “ಸರ, ಗ್ಯಾಸ್ ಅಂದ್ರ ಪೆಟ್ರೋಲ್ ಅಲ್ಲರೀ, ಸುಟ್ಟು ಖರ್ಚಾಗಲಿಕ್ಕೆ. ಅದು ಎಲ್ಲಿ ಹೋಯ್ತು ಅನ್ನೋದು ಮೊದಲ ನೋಡಬೇಕ್ರೀ.”

ಮಾತು ನಿಜ. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರುವಂತೆ, ಎ.ಸಿ.ಯ ದ್ರವವೂ ಆವಿಯಾಗುವಾಗ ಕಾರಿನೊಳಗಿನ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ. ಕಾರಿನ ಮುಂಭಾಗದ ಕಂಡೆನ್ಸರಿನಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಮುಚ್ಚಿದ ಸುತ್ತಿನಲ್ಲಿ ತಿರುಗುವ ವಸ್ತು ತಿಂಗಳಿಗೊಮ್ಮೆ ತೀರಿದರೆ ಎಲ್ಲಿಯೋ ತೂತಿದೆಯೆಂದೇ ಅರ್ಥ.

ಮೇಸ್ತ್ರಿಯ ಪರೀಕ್ಷೆಯಲ್ಲೊಂದು ಕ್ರಮವಿತ್ತು. ಗಾಳಿಯೇ ಮಂದವಾಗಿದ್ದರೆ ಫಿಲ್ಟರನ್ನೂ ಬ್ಲೋವರನ್ನೂ ನೋಡಬೇಕು. ಓಡುವಾಗ ತಂಪಾಗಿ, ನಿಂತಾಗ ಬಿಸಿಯಾದರೆ ಕಂಡೆನ್ಸರಿನ ಫ್ಯಾನನ್ನು ಶಂಕಿಸಬೇಕು. ನಮ್ಮಲ್ಲಿ ಗಾಳಿ ಜೋರಾಗಿತ್ತು, ಫ್ಯಾನು ತಿರುಗುತ್ತಿತ್ತು. ಕಂಪ್ರೆಸರಿನ ಕ್ಲಚ್ ಮಾತ್ರ ಹಿಡಿಯಲಿಲ್ಲ. ಅನಿಲದ ಒತ್ತಡ ತೀರ ಇಳಿದರೆ ಕಂಪ್ರೆಸರ್ ಕೆಡದಿರಲೆಂದು ಒಂದು ಸ್ವಿಚ್ಚು ಅದನ್ನು ತಡೆಯುತ್ತದೆಯಂತೆ. ಗೇಜು ಹಚ್ಚಿದಾಗ ಒತ್ತಡ ಇಳಿದಿದ್ದುದು ಸ್ಪಷ್ಟವಾಯಿತು. ಕೊನೆಗೆ ಕಂಡೆನ್ಸರಿನ ಕೆಳಅಂಚಿನಲ್ಲಿ ಧೂಳು ಮೆತ್ತಿದ ಎಣ್ಣೆಯ ಕಲೆ ಕಂಡಿತು. ಅನಿಲದೊಡನೆ ಎಣ್ಣೆಯೂ ಸುತ್ತುವುದರಿಂದ ಸೋರುವೆಡೆಯಲ್ಲಿ ಜಿಡ್ಡು ಉಳಿಯುತ್ತದೆ. ಸಾಬೂನು ನೀರು ಸವರಿದರೆ ಅಲ್ಲಿಯೇ ಗುಳ್ಳೆ ಎದ್ದಿತು. ಕಲ್ಲು ಸಿಡಿದು ಆದ ಗಾಯ!

ಕಂಡೆನ್ಸರ್ ಬದಲಾಯಿಸಿ, ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಹೊರತೆಗೆದು, ನಿರ್ವಾತ ನಿಲ್ಲುವುದೇ ಎಂದು ನೋಡಿ, ಆಮೇಲೆ ತೂಕ ಮಾಡಿ ಅನಿಲ ತುಂಬಿದರು. ನನ್ನ ಅವಸರದಿಂದ ನಷ್ಟವಾದುದು ಹಣವಷ್ಟೇ ಅಲ್ಲ. ಹಳೆಯ ಆರ್-12 ಅನಿಲ 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಹಿಂದೆ ಸರಿಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನ್ ಪದರವನ್ನು ಕೆಡಿಸದಿದ್ದರೂ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 1,000 ಪಟ್ಟಿಗೂ ಹೆಚ್ಚು ಭೂಮಿಯನ್ನು ಕಾಯಿಸಬಲ್ಲದು. ಮೂರು ಸಲ ಅದನ್ನು ಆಕಾಶಕ್ಕೆ ಬಿಟ್ಟವನು ನಾನು.

ಓಲೆಗರಿಯಲ್ಲಿ ಅಕ್ಷರ ಬಿಟ್ಟುಹೋದೆಡೆ ಊಹೆಯಿಂದ ತುಂಬಬೇಡಿ, ಬೇರೆ ಪ್ರತಿಗಳನ್ನು ಹೋಲಿಸಿ, ಅದು ಏಕೆ ಬಿಟ್ಟುಹೋಯಿತೆಂದು ಮೊದಲು ಕೇಳಿ ಎಂದು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳುತ್ತಿದ್ದೆ. ನನ್ನ ಕಾರಿನ ವಿಷಯದಲ್ಲಿ ಅದೇ ಪಾಠವನ್ನು ಮರೆತೆ. ಅದರ ಬೆಲೆಯನ್ನು ಬೇವಿನ ನೆರಳಿನಲ್ಲಿ ಅಕ್ಕ ತೆತ್ತಳು.

ಜೂನಿನಲ್ಲಿ ಅವಳನ್ನು ಮತ್ತೆ ಕರೆದೊಯ್ದೆ. ಹುಮನಾಬಾದ್ ದಾಟಿದಾಗ ಸೆರಗು ಹೊದೆದುಕೊಂಡು, “ಚಳಿ ಆಗಲಿಕತ್ತದೋ ತಮ್ಮಾ, ಸ್ವಲ್ಪ ಕಡಿಮಿ ಮಾಡು” ಎಂದಳು. ನಾನು ಸಂತೋಷದಿಂದ ಗುಂಡಿ ತಿರುಗಿಸಿದೆ.