ಎಂಬತ್ತಮೂರು ಲಕ್ಷ ಚುಕ್ಕಿ

ಆಟಕ್ಕೆಂದೇ ಮಾಡಿದ ಫೋರ್‌ಕೆ ಮಾನಿಟರ್‌ನಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಚುಕ್ಕಿಗಳಿರುತ್ತವೆ. ಫುಲ್ ಎಚ್‌ಡಿ ಪರದೆಗಿಂತ ಇದು ಸರಿಯಾಗಿ ನಾಲ್ಕು ಪಟ್ಟು. 27 ಇಂಚಿನ ಪರದೆಯಾದರೆ ಇಂಚಿಗೆ 163 ಚುಕ್ಕಿ. ತೋಳುದ್ದ ದೂರದಲ್ಲಿ ಕೂತವರಿಗೆ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಇದರ ಮೊದಲ ಲಾಭ ಗೊತ್ತಾಗುವುದು ಆಟದಲ್ಲಲ್ಲ, ಅಕ್ಷರದಲ್ಲಿ. ಹಳೆಯ ಪರದೆಯಲ್ಲಿ ಮಸಿ ಮೆತ್ತಿದಂತಿದ್ದ ಕನ್ನಡದ ಒತ್ತಕ್ಷರಗಳು ಇಲ್ಲಿ ಒಂದೊಂದೂ ಬಿಡಿಸಿಕೊಂಡು ನಿಲ್ಲುತ್ತವೆ.

ಆಟದಲ್ಲಿ ಹೆಚ್ಚುವುದು ಚಿತ್ರಕಾರರ ಕೆಲಸದ ಬೆಲೆ. ರಾಜೇಶ್ ರಾವ್ ಅವರು ಕಟ್ಟಿದ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ಫೋರ್ಜಾ ಎಂಬ ಕಾರ್ ರೇಸ್ ಸರಣಿಗೆ ಅಲ್ಲಿನ ಕಲಾವಿದರು ದುಡಿದಿದ್ದಾರೆ. ಸೀಟಿನ ಹೊಲಿಗೆ, ಹೆಡ್‌ಲೈಟ್ ಗಾಜಿನ ಗೆರೆ, ಬಣ್ಣದ ಮೇಲೆ ಜಾರುವ ಬೆಳಕು: ಇವನ್ನೆಲ್ಲ ಯಾರೋ ಕೂತು ತಿದ್ದಿ ತೀಡಿರುತ್ತಾರೆ, ಕಡಿಮೆ ಚುಕ್ಕಿಯ ಪರದೆ ಅವನ್ನು ನುಂಗಿಹಾಕುತ್ತದೆ. 2019ರಲ್ಲಿ ಧ್ರುವ ಸಂಸ್ಥೆಯನ್ನು ಆಟ ತಯಾರಿಸುವ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಆನಿಮೇಶನ್ ಮತ್ತು ಗೇಮಿಂಗ್‌ಗೆಂದು ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ತಂದದ್ದೂ ಧ್ರುವ ಹುಟ್ಟಿದ ಕರ್ನಾಟಕವೇ.

ಇಷ್ಟು ಚುಕ್ಕಿಗಳಿಗೆ ಬಣ್ಣ ತುಂಬುವ ಭಾರ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಕಾರ್ಡು ಸೋತರೆ ಚಿತ್ರ ತಡವರಿಸುತ್ತದೆ. ಆಗ ಕಡಿಮೆ ಚುಕ್ಕಿಯಲ್ಲಿ ಬಿಡಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತಂತ್ರಗಳು ನೆರವಿಗೆ ಬರುತ್ತವೆ. ಕೇಬಲ್ಲೂ ಲೆಕ್ಕಕ್ಕೆ ಬರುತ್ತದೆ: ಎಚ್‌ಡಿಎಂಐ 2.0 ಫೋರ್‌ಕೆ ಚಿತ್ರವನ್ನು ಸೆಕೆಂಡಿಗೆ 60 ಸಲ (60 ಹರ್ಟ್ಸ್) ಅಷ್ಟೇ ಸಾಗಿಸಬಲ್ಲದು, 120ಕ್ಕೆ 2.1 ಬೇಕು. ದುಬಾರಿ ಮಾನಿಟರ್ ತಂದು, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 60 ಹರ್ಟ್ಸ್ ಬದಲಿಸದೆ ವರ್ಷಗಟ್ಟಲೆ ಆಡುವವರೂ ಇದ್ದಾರೆ. ಪರದೆಯ ಬಗೆಯೂ ಮುಖ್ಯ: ಓಎಲ್‌ಇಡಿ ಪರದೆಯ ಕಪ್ಪು ನಿಜವಾದ ಕಪ್ಪು. ಆದರೆ ಕದಲದ ಚಿತ್ರವನ್ನು ಬಹಳ ಕಾಲ ಹಾಗೇ ಬಿಟ್ಟರೆ ಅದರ ಅಚ್ಚು ಉಳಿದುಬಿಡಬಹುದು.

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಂಥ ಊರಲ್ಲಿ ಕೆಲವು ಲೆಕ್ಕಗಳು ಬೇರೆ. ಆಟದ ನಡುವೆ ಕರೆಂಟು ಹೋದರೆ ಕಂಪ್ಯೂಟರ್ ಪೂರಾ ಆರುತ್ತದೆ, ಯುಪಿಎಸ್ ಇಲ್ಲದೆ ನಡೆಯದು. ಅದನ್ನು ಕೊಳ್ಳುವಾಗ ಮಾನಿಟರ್‌ಗಿಂತ ಹಲವು ಪಟ್ಟು ವಿದ್ಯುತ್ ಎಳೆಯುವ ಗ್ರಾಫಿಕ್ಸ್ ಕಾರ್ಡನ್ನು ಲೆಕ್ಕಕ್ಕೆ ಹಿಡಿಯಬೇಕು. ಬಾಗಿಲ ಬೆಳಕು ಪರದೆಯ ಮೇಲೆ ಬಿದ್ದರೆ 83 ಲಕ್ಷ ಚುಕ್ಕಿಯೂ ವ್ಯರ್ಥ. ಬೆಳಕು ಪಕ್ಕದಿಂದ ಬರುವಂತೆ ಮೇಜು ಹಾಕಬೇಕು. ರೆಡ್ ಡೆಡ್ ರಿಡೆಂಪ್ಶನ್ 2 ಆಟವೊಂದಕ್ಕೇ 150 ಗಿಗಾಬೈಟ್ ಜಾಗ ಬೇಕು; ಅಷ್ಟನ್ನೂ ಇಳಿಸಿಕೊಳ್ಳಲು ಸೆಕೆಂಡಿಗೆ 50 ಮೆಗಾಬಿಟ್ ಸಂಪರ್ಕದಲ್ಲಿ ಏಳು ಗಂಟೆಯ ಹತ್ತಿರ ಹಿಡಿಯುತ್ತದೆ. ಊರು ಮಲಗಿದ ಮೇಲೆ ಹಚ್ಚಿಡುವುದು ಜಾಣತನ.

ಪಂದ್ಯದ, ಅಂದರೆ ಇ-ಸ್ಪೋರ್ಟ್ಸ್‌ನ, ಮಾತೇ ಬೇರೆ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿತ್ತು. 2023ರಲ್ಲಿ ಹಾಂಗ್‌ಝೌನಲ್ಲಿ ಪದಕದ ಸ್ಪರ್ಧೆಯಾಯಿತು. ಅದಕ್ಕೂ ಮೊದಲೇ, 2022ರ ಡಿಸೆಂಬರ್‌ನಲ್ಲಿ, ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತ್ತು. ಗುಂಡು ಹಾರಿಸುವ ಆಟಗಳ ಪಂದ್ಯದ ಆಟಗಾರರು ಸಾಮಾನ್ಯವಾಗಿ ಆರಿಸುವುದು ಫೋರ್‌ಕೆಯನ್ನಲ್ಲ, 24 ಇಂಚಿನ ಆಸುಪಾಸಿನ ಫುಲ್ ಎಚ್‌ಡಿ ಪರದೆಯನ್ನು. ಅವರಿಗೆ ಚುಕ್ಕಿಗಿಂತ ವೇಗ ಮುಖ್ಯ: 60 ಹರ್ಟ್ಸ್ ಪರದೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸಿದರೆ, 240 ಹರ್ಟ್ಸ್ ಪರದೆ 4.2 ಮಿಲಿಸೆಕೆಂಡಿಗೊಮ್ಮೆ ಬದಲಿಸುತ್ತದೆ. ಎದುರಾಳಿ ಮೂಲೆಯಿಂದ ಇಣುಕಿದಾಗ ಅವನ ಅಂಗಿಯ ಹೊಲಿಗೆ ನೋಡುವ ಪುರಸೊತ್ತು ಅವರಿಗಿಲ್ಲ.