ಹದಿನೈದು ನಿಮಿಷದ ಸಭೆ

ಜಯನಗರ, ಬನಶಂಕರಿ, ಜೆ. ಪಿ. ನಗರದ ಎಷ್ಟೋ ಮನೆಗಳಲ್ಲಿ, ಬೆಳಗಿನ ಕಾಫಿಯ ಲೋಟ ಕೆಳಗಿಡುವ ಹೊತ್ತಿಗೆ ಮಗನೋ ಸೊಸೆಯೋ ಗಣಕಯಂತ್ರದ ಮುಂದೆ ಕುಳಿತು, “ನಿನ್ನೆ ಇಷ್ಟಾಯಿತು, ಇಂದು ಇದನ್ನು ಮಾಡುತ್ತೇನೆ” ಎಂದು ಯಾರಿಗೋ ಹೇಳುವುದನ್ನು ನೀವು ಕೇಳಿರಬಹುದು. ಹಿರಿಯರಿಗೆ ಇದು ಶಾಲೆಯ ಹಾಜರಿಯಂತೆ ತೋರೀತು. ‘ಸ್ಕ್ರಮ್’ ಎಂಬ ಕಾರ್ಯಪದ್ಧತಿಯ ಒಂದು ಅಂಗ ಇದು. ಇದರ ಮೂಲತತ್ತ್ವವೇನೆಂಬುದನ್ನು ಇಂದು ವಿಚಾರ ಮಾಡೋಣ.

ಜಯನಗರದ ನಾಲ್ಕನೆಯ ಬ್ಲಾಕಿನ ಜವಳಿ ವ್ಯಾಪಾರಿಯೊಬ್ಬರು 2016ರಲ್ಲಿ ಬಿಲ್ಲು ಬರೆಯುವ ತಂತ್ರಾಂಶವೊಂದನ್ನು ಬಯಸಿದರೆಂದು ಇಟ್ಟುಕೊಳ್ಳಿ. ಹಳೆಯ ಪದ್ಧತಿಯಂತೆ, ಬೇಕಾದುದೆಲ್ಲವನ್ನೂ ಮೊದಲೇ ಬರೆದು, ಸಹಿ ಹಾಕಿಸಿ, ಒಂದೂವರೆ ವರ್ಷ ದುಡಿದು ಒಪ್ಪಿಸುವಷ್ಟರಲ್ಲಿ, 2017ರ ಜುಲೈ 1ರಿಂದ ಜಿ.ಎಸ್.ಟಿ. ಜಾರಿಗೆ ಬಂದಿತು. ಕರಾರಿನಂತೆ ಎಲ್ಲವೂ ಸರಿ. ಅಂಗಡಿಗೆ ಮಾತ್ರ ಪ್ರಯೋಜನವಿಲ್ಲ! ಮನೆ ಕಟ್ಟುವವನಿಗೆ ಮೊದಲೇ ನಕ್ಷೆ ಬೇಕು, ನಿಜ. ಆದರೆ ಸಾರು ಮಾಡುವವರು ಎಲೆಗೆ ಬಡಿಸುವ ತನಕ ಉಪ್ಪು ನೋಡದೆ ಇರುವುದುಂಟೆ?

ಇಂಥ ತೊಡಕುಗಳನ್ನು ಕಂಡೇ, 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ತಜ್ಞರು ಕಲೆತು ‘ಅಜೈಲ್’ ಎಂಬ ಘೋಷಣೆಯನ್ನು ಹೊರಡಿಸಿದರು. ಚುರುಕಾಗಿ ಹೊರಳಬಲ್ಲದ್ದು ಎಂಬುದು ಆ ಮಾತಿನ ಅರ್ಥ. ಸ್ಕ್ರಮ್ ಅದಕ್ಕಿಂತ ಹಿಂದಿನದು. ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್ ಎಂಬುವರು 1995ರಲ್ಲಿ ಇದನ್ನು ವಿದ್ವಾಂಸರ ಮುಂದಿಟ್ಟರು. ಹೆಸರು ರಗ್ಬಿ ಆಟದ್ದು. ಆಟಗಾರರು ಹೆಗಲಿಗೆ ಹೆಗಲು ಕೊಟ್ಟು ಒಂದಾಗಿ ನೂಕುವುದಕ್ಕೆ ಆ ಹೆಸರು.

ಪದ್ಧತಿ ಸರಳವಾದುದು. ಸಾಮಾನ್ಯವಾಗಿ ಹತ್ತು ಮಂದಿಗೆ ಮೀರದ ತಂಡ. ಯಾವ ಕೆಲಸ ಮೊದಲು ಎಂದು ನಿರ್ಧರಿಸುವವರು ಒಬ್ಬರು; ಪದ್ಧತಿಯನ್ನು ಕಾಯ್ದು, ಅಡಚಣೆಗಳನ್ನು ನಿವಾರಿಸಲು ನೆರವಾಗುವವರು ಇನ್ನೊಬ್ಬರು; ಉಳಿದವರು ಕೆಲಸ ಮಾಡುವವರು. ಒಂದು ತಿಂಗಳಿಗೆ ಮೀರದ ಅವಧಿಗೆ ‘ಸ್ಪ್ರಿಂಟ್’ ಎಂದು ಹೆಸರು. ಎರಡು ವಾರ ಇಟ್ಟುಕೊಳ್ಳುವುದು ಹೆಚ್ಚು ರೂಢಿ. ಅದರ ಕೊನೆಗೆ, ನಡೆಯುವ ಸ್ಥಿತಿಯಲ್ಲಿರುವ ಒಂದು ಭಾಗವನ್ನು ಗಿರಾಕಿಗೆ ತೋರಿಸಬೇಕು. ಬಳಿಕ ತಂಡದವರೇ ಕುಳಿತು, ನಾವು ಎಲ್ಲಿ ಎಡವಿದೆವು ಎಂದು ನೋಡಿಕೊಳ್ಳಬೇಕು. ನಡುವೆ ಪ್ರತಿದಿನ ಹದಿನೈದು ನಿಮಿಷದ ಸಭೆ.

ಈ ಸಭೆಯೇ ಪದ್ಧತಿಯ ಒರೆಗಲ್ಲು. ಇದು ಕೆಲಸ ಮಾಡುವವರದು. ಮೇಲಧಿಕಾರಿಗೆ ವರದಿ ಒಪ್ಪಿಸುವುದಕ್ಕಲ್ಲ. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಕೆಲಸ ಎರಡನೆಯ ದಿನವೇ ನಿಂತುಹೋಗಿದೆಯೆನ್ನೋಣ. ಹಿರಿಯರು ಹುಬ್ಬು ಗಂಟಿಕ್ಕುವರೆಂಬ ಭಯವಿದ್ದರೆ, ಅವಳು ದಿನವೂ “ನಡೆಯುತ್ತಿದೆ” ಎನ್ನುವಳು. ಹತ್ತನೆಯ ದಿನ ನಿಜ ಹೊರಬಿದ್ದಾಗ ನಷ್ಟ ಇಡೀ ತಂಡದ್ದು. ಅಂದೇ ಹೇಳಿದ್ದರೆ, ಪಕ್ಕದವರ ಒಂದು ಗಂಟೆಯ ನೆರವಿನಿಂದ ಮುಗಿಯುತ್ತಿತ್ತು.

ಕೆಲಸ ಹುಡುಕುತ್ತ ಬಿ.ಟಿ.ಎಂ. ಬಡಾವಣೆಯ ತರಗತಿಗಳಿಗೆ ಹಣ ಕಟ್ಟುವ ತರುಣರು ಇದನ್ನು ನೆನಪಿಡಬೇಕು. ಸ್ಕ್ರಮ್‌ನ ಅಧಿಕೃತ ಕೈಪಿಡಿ ಕೆಲವೇ ಪುಟಗಳದು, ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಮೊದಲು ಅದನ್ನು ಓದಿರಿ. ನಾಲ್ವರು ಗೆಳೆಯರು ಸೇರಿ, ಯಾವುದಾದರೊಂದು ಸಣ್ಣ ಕೆಲಸವನ್ನು ಎರಡು ವಾರ ಹೀಗೆ ಮಾಡಿ ನೋಡಿರಿ. ಪ್ರಮಾಣಪತ್ರ ಬೇಕಾದರೆ ಆಮೇಲೆ ಇದ್ದೇ ಇದೆ.

ಮನೆಯ ಹಿರಿಯರಿಗೂ ಒಂದು ಮಾತು. ನಾಳೆ ಬೆಳಿಗ್ಗೆ “ನನ್ನ ಕೆಲಸ ನಿಂತಿದೆ, ಸಹಾಯ ಬೇಕು” ಎಂಬ ದನಿ ಕೋಣೆಯಿಂದ ಕೇಳಿಬಂದರೆ, ಮಗ ದಡ್ಡನೆಂದು ಕೊರಗಬೇಡಿ. ಅವನು ಪಾಠವನ್ನು ಸರಿಯಾಗಿಯೇ ಕಲಿತಿದ್ದಾನೆ.